ಹಗುರ ರೈಫಲಿಗೆ ಸಣ್ಣ ಬೋರಿನ ತೋಟಾ: ವೇಗವೊಂದನ್ನೇ ನೋಡಿದರೆ ಸಾಲದು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ, ಈಗ ನ್ಯೂಜಿಲೆಂಡಿನಲ್ಲಿ ನೆಲೆಸಿರುವ ನಮ್ಮ ಬೆಳಗಾವಿ ಜಿಲ್ಲೆಯ ತರುಣರೊಬ್ಬರು ಬೆಟ್ಟದ ಬೇಟೆಗೆಂದು ಹಗುರವಾದ ರೈಫಲೊಂದನ್ನು ಹೇಳಿ ಮಾಡಿಸಿಕೊಳ್ಳುವ ವಿಚಾರವಾಗಿ ಬರೆದ ಲೇಖನವನ್ನು ಆಸಕ್ತಿಯಿಂದ ಓದಿದೆ. ಕಾರ್ಬನ್ ನಾರಿನ ಹಿಡಿ, ಟೈಟಾನಿಯಂ ಭಾಗಗಳು, ತೆಳ್ಳಗೆ ಕಡೆದ ನಳಿಕೆ ಇವುಗಳ ವಿವರಣೆ ಚೆನ್ನಾಗಿದೆ. ಇಂಥ ವಿಷಯವನ್ನು ಕನ್ನಡದಲ್ಲಿ ಇಷ್ಟು ಬಿಡಿಸಿ ಬರೆದವರು ಕಡಿಮೆ. ಆದರೆ ರೈಫಲಿನ ಹಣೆಬರಹವನ್ನೇ ನಿರ್ಧರಿಸುವ ತೋಟಾದ ಆಯ್ಕೆಯನ್ನು ಅವರು ಒಂದೇ ಪ್ಯಾರಾದಲ್ಲಿ ಮುಗಿಸಿದ್ದಾರೆ. ರೈಫಲ್ ಹಗುರವಾದಷ್ಟೂ ಬೋರ್, ಅಂದರೆ ನಳಿಕೆಯ ಒಳವ್ಯಾಸ, ಸಣ್ಣದಾಗಬೇಕು, ಗುಂಡಿನ ತೂಕದಲ್ಲಿ ಕೊರತೆ ಬಿದ್ದದ್ದನ್ನು ವೇಗ ತುಂಬಿಕೊಡುತ್ತದೆ ಎಂದು ಹೇಳಿ, .22 ಅಂಗುಲ ಬೋರಿನ .22-250 ರೆಮಿಂಗ್ಟನ್ ತೋಟಾವನ್ನು ದೊಡ್ಡ ಜಿಂಕೆಗೂ ಸಾಕೆಂದು ಶಿಫಾರಸು ಮಾಡಿದ್ದಾರೆ. ಸೇನೆಯಲ್ಲಿ ಆಯುಧ ದುರಸ್ತಿಯ ಕೆಲಸ ಮಾಡಿ ನಿವೃತ್ತನಾಗಿ ಬೈಲಹೊಂಗಲದಲ್ಲಿ ಇರುವ ನನಗೆ ಈ ಮಾತು ಒಪ್ಪಿಗೆಯಾಗಲಿಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಚರ್ಚೆಗೆ ಮೊದಲು ಒಂದು ಮಾತು ಸ್ಪಷ್ಟವಾಗಿರಬೇಕು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಬೇಟೆ ನಿಷಿದ್ಧ. ಭೀಮಗಡದ ಕಾಡಿನಲ್ಲಾಗಲಿ ಯಡಹಳ್ಳಿಯ ಚಿಂಕಾರ ಧಾಮದ ಅಂಚಿನಲ್ಲಾಗಲಿ ರೈಫಲ್ ಹೊತ್ತು ತಿರುಗುವುದಕ್ಕೆ ಯಾವ ತೋಟಾವೂ ಸರಿಯಾದ ತೋಟಾ ಅಲ್ಲ. ನ್ಯೂಜಿಲೆಂಡಿನ ಸ್ಥಿತಿ ಬೇರೆ. ಅಲ್ಲಿ ಬಾವಲಿಗಳನ್ನು ಬಿಟ್ಟರೆ ನೆಲದ ಮೇಲೆ ಬದುಕುವ ಮೂಲನಿವಾಸಿ ಸಸ್ತನಿಗಳೇ ಇರಲಿಲ್ಲ. ಯೂರೋಪಿನಿಂದ ಬಂದವರು ಬಿಟ್ಟ ಕೆಂಪು ಜಿಂಕೆ, ಆಲ್ಪ್ಸ್ ಬೆಟ್ಟಗಳ ಶಾಮ್ವಾ ಮೊದಲಾದ ಪ್ರಾಣಿಗಳು ಅಲ್ಲಿನ ಕಾಡನ್ನು ಮೇದು ಹಾಳುಮಾಡುತ್ತಿರುವುದರಿಂದ, ಸರ್ಕಾರವೇ ಪರವಾನಗಿ ಕೊಟ್ಟು ಬೇಟೆಗೆ ಬಿಡುತ್ತದೆ. ನಮ್ಮ ಹಿಮಾಲಯದ ಥಾರ್ ಎಂಬ ಕಾಡುಮೇಕೆಯನ್ನು 1904ರಲ್ಲಿ ಅಲ್ಲಿಯ ಮೌಂಟ್ ಕುಕ್ ಪ್ರದೇಶದಲ್ಲಿ ಬಿಟ್ಟರು; ಇಲ್ಲಿ ನಾವು ಕಾನೂನಿನ ಬೇಲಿ ಹಾಕಿ ಕಾಯುತ್ತಿರುವ ಪ್ರಾಣಿಯೇ ಅಲ್ಲಿ ಸಂಖ್ಯೆ ಮಿತಿಮೀರಿ ಪೀಡೆಯಾಗಿದೆ. ಆದ್ದರಿಂದ ಲೇಖಕರು ಅಲ್ಲಿ ಮಾಡುತ್ತಿರುವುದರ ಬಗ್ಗೆ ನನ್ನ ತಕರಾರಿಲ್ಲ. ಅದನ್ನು ಯಾವ ತೋಟಾದಿಂದ ಮಾಡಬೇಕು ಎಂಬುದರ ಬಗ್ಗೆ ಇದೆ.

ಹಗುರ ರೈಫಲ್ ಕಟ್ಟಿಸುವವರು ಸಾಮಾನ್ಯವಾಗಿ ಹಿಂದುಮುಂದಾಗಿ ಹೊರಡುತ್ತಾರೆ. ಮೊದಲು ರೈಫಲ್ ಎಷ್ಟು ತೂಗಬೇಕೆಂದು ಗೊತ್ತುಮಾಡಿಕೊಳ್ಳುತ್ತಾರೆ, ಆ ತೂಕಕ್ಕೆ ಹೊಂದುವ ಯಂತ್ರಭಾಗವನ್ನು (ತೋಟಾವನ್ನು ನಳಿಕೆಗೆ ಕೂಡಿಸಿ ಹಾರಿಸುವ ಭಾಗ) ಕೊಳ್ಳುತ್ತಾರೆ, ಅದರೊಳಗೆ ಕೂಡುವ ತೋಟಾ ಯಾವುದೆಂದು ನೋಡುತ್ತಾರೆ, ಕೊನೆಗೆ ಅಂಗಡಿಯಲ್ಲಿ ಸಿಕ್ಕ ಗುಂಡನ್ನು ತುಂಬಿ ಪ್ರಾಣಿಯ ಕಡೆಗೆ ತಿರುಗುತ್ತಾರೆ. ನಡೆಯಬೇಕಾದ ಕ್ರಮ ಇದಕ್ಕೆ ತದ್ವಿರುದ್ಧ: ಹೊಡೆಯಬೇಕಾದ ಪ್ರಾಣಿ ಯಾವುದು, ಎಷ್ಟು ತೂಕದ್ದು, ಎಷ್ಟು ದೂರದಿಂದ ಹೊಡೆಯುವುದು ಎಂಬುದು ಮೊದಲು, ಆ ಪ್ರಾಣಿಯ ಎದೆಗೂಡನ್ನು ಯಾವ ಕೋನದಿಂದಲಾದರೂ ಹಾಯಬಲ್ಲ ಗುಂಡು ಯಾವುದೆಂಬುದು ಆಮೇಲೆ, ಆ ಗುಂಡನ್ನು ಸ್ಥಿರವಾಗಿ ತಿರುಗಿಸುವ ನಳಿಕೆ, ಆ ನಳಿಕೆಯಲ್ಲಿ ಅದಕ್ಕೆ ತಕ್ಕ ವೇಗ ಕೊಡುವ ತೋಟಾ, ಆ ತೋಟಾದ ಒದೆತವನ್ನು ತಡೆಯುವಷ್ಟು ತೂಕದ ರೈಫಲ್ ಇವು ಒಂದರ ಬೆನ್ನಿಗೆ ಒಂದು ಬರಬೇಕು. ರೈಫಲಿನ ತೂಕ ಈ ಲೆಕ್ಕದ ಕೊನೆಯ ಉತ್ತರವೇ ಹೊರತು ಮೊದಲ ಪ್ರಶ್ನೆಯಲ್ಲ.

ವೇಗದ ವಾದವನ್ನು ಅಂಕಿಗಳಲ್ಲೇ ನೋಡೋಣ. ಗುಂಡಿನ ತೂಕವನ್ನು ಗ್ರೇನಿನಲ್ಲಿ ಹೇಳುವುದು ವಾಡಿಕೆ. 15 ಗ್ರೇನ್ ಎಂದರೆ ಹೆಚ್ಚುಕಡಿಮೆ 1 ಗ್ರಾಂ. .22-250 ತೋಟಾದ 55 ಗ್ರೇನ್ ಗುಂಡು ನಳಿಕೆಯ ಬಾಯಿಯಿಂದ ಸೆಕೆಂಡಿಗೆ ಸುಮಾರು 1,120 ಮೀಟರ್ ವೇಗದಲ್ಲಿ ಹೊರಡುತ್ತದೆ. ಅದಕ್ಕಿಂತ ತುಸು ದೊಡ್ಡ ಬೋರಿನ .243 ವಿಂಚೆಸ್ಟರಿನ 100 ಗ್ರೇನ್ ಗುಂಡಿನ ವೇಗ ಸುಮಾರು 900 ಮೀಟರ್. ಮೊದಲನೆಯದು ಎಷ್ಟು ಚುರುಕು ಎಂದು ಲೇಖಕರಂತೆ ಯಾರಾದರೂ ಮೆಚ್ಚಿಕೊಳ್ಳಬಹುದು. ಆದರೆ 200 ಗಜ ದಾಟುವ ಹೊತ್ತಿಗೆ ಸಾಮಾನ್ಯ ಮೆತುಮೂತಿಯ ಗುಂಡುಗಳಲ್ಲಿ .22-250 ಹೊತ್ತೊಯ್ಯುವ ಶಕ್ತಿ 1,170 ಜೂಲಿನ ಆಸುಪಾಸಿಗೆ ಇಳಿದಿರುತ್ತದೆ, .243 ಆದರೋ ಇನ್ನೂ 1,800 ಜೂಲಿನಷ್ಟನ್ನು ಉಳಿಸಿಕೊಂಡಿರುತ್ತದೆ. .22 ಬೋರಿನದೇ ಚಿಕ್ಕ ತೋಟಾವಾದ .223 ರೆಮಿಂಗ್ಟನ್ ಅದೇ ದೂರದಲ್ಲಿ 900 ಜೂಲನ್ನೂ ಮುಟ್ಟುವುದಿಲ್ಲ. ಹಗುರವಾದ, ಗಿಡ್ಡ ಗುಂಡು ಗಾಳಿಯನ್ನು ಸೀಳಲಾರದೆ ವೇಗವನ್ನು ಬೇಗ ಚೆಲ್ಲಿಬಿಡುತ್ತದೆ. ಅಡ್ಡಗಾಳಿಗೆ ಹೆಚ್ಚು ಸರಿಯುವುದೂ ಅದೇ. ಬೆಟ್ಟದ ಕಣಿವೆಗಳಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ಹೇಳಲಾಗದ ಕಡೆ ಇದು ಸಣ್ಣ ವಿಚಾರವಲ್ಲ.

ಶಕ್ತಿಯ ಅಂಕಿ ಒಂದೇ ಪ್ರಾಣಿಯನ್ನು ಕೊಲ್ಲುವುದಿಲ್ಲ, ನಿಜ. ಆದರೂ ಬೇಟೆ ಕಾನೂನುಬದ್ಧವಾಗಿರುವ ದೇಶಗಳ ಶಾಸನಗಳು ಗೆರೆ ಎಳೆದಿರುವುದು ಎಲ್ಲಿ ಎಂಬುದನ್ನು ಗಮನಿಸಬೇಕು, ಏಕೆಂದರೆ ಆ ಗೆರೆಗಳ ಹಿಂದೆ ಗಾಯಗೊಂಡು ತಪ್ಪಿಸಿಕೊಂಡ ಪ್ರಾಣಿಗಳ ದೀರ್ಘ ಅನುಭವವಿದೆ. ಇಂಗ್ಲೆಂಡಿನ 1991ರ ಜಿಂಕೆ ಕಾಯ್ದೆಯಂತೆ ಜಿಂಕೆಗೆ ಬಳಸುವ ರೈಫಲಿನ ಬೋರ್ .240 ಅಂಗುಲಕ್ಕಿಂತ ಕಡಿಮೆಯಿರಬಾರದು, ನಳಿಕೆಯ ಬಾಯಿಯಲ್ಲಿ ಶಕ್ತಿ 1,700 ಅಡಿ-ಪೌಂಡಿಗಿಂತ, ಅಂದರೆ ಸುಮಾರು 2,300 ಜೂಲಿಗಿಂತ ಕಡಿಮೆಯಿರಬಾರದು; .22 ಬೋರಿನ ತೋಟಾಗಳಿಗೆ ಅಲ್ಲಿ ಅವಕಾಶವಿರುವುದು ಮಂಟ್‌ಜ್ಯಾಕಿನಂಥ ಪುಟ್ಟ ಜಿಂಕೆಗಳಿಗೆ ಮಾತ್ರ. ಜರ್ಮನಿಯ ಬೇಟೆ ಕಾನೂನು ಇನ್ನೂ ಬಿಗಿ. ಅಲ್ಲಿ ಪುಟ್ಟ ರೋ ಜಿಂಕೆಗೆ 100 ಮೀಟರಿನಲ್ಲಿ 1,000 ಜೂಲ್ ಉಳಿದಿದ್ದರೆ ಸಾಕು. ಉಳಿದ ಗೊರಸಿನ ಪ್ರಾಣಿಗಳಿಗೆ, ಕಾಡುಹಂದಿಯೂ ಸೇರಿ, ಗುಂಡಿನ ವ್ಯಾಸ ಕನಿಷ್ಠ 6.5 ಮಿಲಿಮೀಟರ್ ಮತ್ತು 100 ಮೀಟರಿನಲ್ಲಿ 2,000 ಜೂಲ್ ಇರಲೇಬೇಕು. ಅಂದರೆ .243 ಕೂಡ ಅಲ್ಲಿ ಹಂದಿಗೆ ಸಲ್ಲದು. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ; ಕೆಲವು ರಾಜ್ಯಗಳು ಜಿಂಕೆಗೆ .223ನ್ನೂ ಒಪ್ಪುತ್ತವೆ, ಕೊಲರಾಡೊದಂಥವು .24 ಅಂಗುಲಕ್ಕಿಂತ ಕೆಳಗೆ ಇಳಿಯಗೊಡುವುದಿಲ್ಲ. ಬೇರೆಬೇರೆ ದೇಶಗಳು ಬೇರೆಬೇರೆ ಕಾಲದಲ್ಲಿ ಮಾಡಿದ ಈ ನಿಯಮಗಳಲ್ಲಿ ಬಹಳಷ್ಟು ಆರು ಮಿಲಿಮೀಟರಿನ (ಸುಮಾರು .24 ಅಂಗುಲ) ಆಸುಪಾಸಿನಲ್ಲೇ ಬಂದು ನಿಂತಿರುವುದು ಕಾಕತಾಳೀಯವೆಂದು ನನಗೆ ಅನಿಸುವುದಿಲ್ಲ.

ಸೈನಿಕನನ್ನು ತಡೆಯುವ 5.56 ಮಿಲಿಮೀಟರಿನ ಸೇನಾ ತೋಟಾ ಜಿಂಕೆಯನ್ನು ತಡೆಯದೇ ಎಂದು ನಮ್ಮ ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿ ಹುಡುಗರು ಕೇಳುವುದುಂಟು. ಸೈನ್ಯಗಳು ಆ ತೋಟಾಕ್ಕೆ ಇಳಿದದ್ದು ಕೊಲ್ಲುವ ಶಕ್ತಿ ಹೆಚ್ಚೆಂದಲ್ಲ. 7.62ರ ತೋಟಾ ಒಂದಕ್ಕೆ ಸುಮಾರು 24 ಗ್ರಾಂ ತೂಕವಾದರೆ 5.56ರದ್ದು 12 ಗ್ರಾಂ. ಅದೇ ಹೊರೆಯಲ್ಲಿ ಜವಾನನು ಎರಡು ಪಾಲು ತೋಟಾ ಒಯ್ಯಬಹುದು, ಒದೆತ ಕಡಿಮೆಯಾದ್ದರಿಂದ ಹೊಸಬರೂ ಬೇಗ ಗುರಿ ಕಲಿಯುತ್ತಾರೆ. ಯುದ್ಧದಲ್ಲಿ ಗಾಯಗೊಂಡ ಶತ್ರು ಕಾಳಗದಿಂದ ಹೊರಬಿದ್ದರೆ ಲೆಕ್ಕ ಮುಗಿಯಿತು. ಬೇಟೆಯಲ್ಲಿ ಗಾಯಗೊಂಡ ಪ್ರಾಣಿ ಪೊದೆ ಸೇರಿದರೆ ಅಲ್ಲಿಂದಲೇ ಬೇಟೆಗಾರನ ತಪ್ಪು ಶುರುವಾಗುತ್ತದೆ. 5.56ರ ಇನ್ಸಾಸ್ ರೈಫಲ್ ಹಿಡಿದಿದ್ದ ನಮ್ಮ ಸೈನ್ಯವೇ ಈಚೆಗೆ ಸಿಗ್ 716 ರೈಫಲಿನೊಂದಿಗೆ ಮತ್ತೆ 7.62ರ ಕಡೆ ಹೊರಳಿದ್ದನ್ನು ಈ ಹುಡುಗರಿಗೆ ನೆನಪಿಸುತ್ತಿರುತ್ತೇನೆ.

ವೇಗದ ಮೋಹ ಇಂದಿನದಲ್ಲ. 1915ರಲ್ಲಿ ಅಮೆರಿಕದ ಸ್ಯಾವೇಜ್ ಕಂಪನಿ .250 ಬೋರಿನ ತೋಟಾವೊಂದನ್ನು ಹೊರತಂದಿತು. ಅದನ್ನು ರೂಪಿಸಿದ ಚಾರ್ಲ್ಸ್ ನ್ಯೂಟನ್ ಅವರ ಮನಸ್ಸಿನಲ್ಲಿದ್ದದ್ದು 100 ಗ್ರೇನ್ ಗುಂಡು. ಆದರೆ ಸೆಕೆಂಡಿಗೆ 3,000 ಅಡಿ ಎಂಬ ದುಂಡು ಅಂಕಿಯನ್ನು ಜಾಹೀರಾತಿನಲ್ಲಿ ಹಾಕಿಕೊಳ್ಳುವ ಆಸೆಗೆ ಕಂಪನಿಯವರು ಗುಂಡನ್ನು 87 ಗ್ರೇನಿಗೆ ಇಳಿಸಿ,.250-3000 ಎಂದು ಹೆಸರಿಟ್ಟು ಮಾರಿದರು. ಮಾರಾಟಕ್ಕಾಗಿ ಗುಂಡನ್ನು ಮೊಟಕು ಮಾಡುವ ಪರಂಪರೆಗೆ ಅದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. 1935ರಲ್ಲಿ ಬಂದ .220 ಸ್ವಿಫ್ಟ್ 48 ಗ್ರೇನ್ ಗುಂಡನ್ನು 4,000 ಅಡಿಗೂ ಮೀರಿದ ವೇಗದಲ್ಲಿ ತಳ್ಳಿ ಹೆಸರು ಮಾಡಿತು. ನಳಿಕೆಯ ಗಂಟಲನ್ನು ಸುಟ್ಟು ತಿನ್ನುತ್ತದೆಂಬ ಕೆಟ್ಟ ಹೆಸರನ್ನೂ ಜೊತೆಗೇ ಪಡೆಯಿತು.

ಸಣ್ಣ ಬೋರಿನ ಪರವಾಗಿ ವಾದಿಸುವವರು ಕೊನೆಗೆ ಡಬ್ಲ್ಯು.ಡಿ.ಎಂ. ಬೆಲ್ ಅವರ ಹೆಸರು ಹೇಳದೆ ಬಿಡುವುದಿಲ್ಲ. ಆಫ್ರಿಕದಲ್ಲಿ ಆನೆಗಳನ್ನು 7 ಮಿಲಿಮೀಟರಿನ .275 ರಿಗ್ಬಿ ರೈಫಲಿನಿಂದ ಹೊಡೆದ ಸ್ಕಾಟ್‌ಲ್ಯಾಂಡಿನ ಬೇಟೆಗಾರ ಅವರು. ಇದೇ ತೋಟಾದ ರೈಫಲೊಂದನ್ನು ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕಾಗಿ 1907ರಲ್ಲಿ ಜಿಮ್ ಕಾರ್ಬೆಟ್ ಅವರಿಗೆ ಉಡುಗೊರೆಯಾಗಿ ಕೊಡಲಾಯಿತು. ಆದರೆ ಬೆಲ್ ಅವರ ಉದಾಹರಣೆ ವೇಗದ ಪಕ್ಷಕ್ಕೆ ಸಾಕ್ಷಿ ಹೇಳುವುದೇ ಇಲ್ಲ. ಅವರು ಬಳಸಿದ್ದು 170 ಗ್ರೇನಿಗೂ ಹೆಚ್ಚು ತೂಕದ, ಉದ್ದನೆಯ, ಪೂರ್ತಿ ಲೋಹದ ಹೊದಿಕೆಯ ಗುಂಡು; ಅದರ ವೇಗ ಸೆಕೆಂಡಿಗೆ 700 ಮೀಟರಿನ ಆಸುಪಾಸು, ಇಂದಿನ ಅಳತೆಯಲ್ಲಿ ನಿಧಾನವೇ. ಆನೆಯ ತಲೆಬುರುಡೆಯಲ್ಲಿ ಮಿದುಳು ಎಲ್ಲಿದೆಯೆಂದು ಅಭ್ಯಾಸ ಮಾಡಿ, ಸನಿಹಕ್ಕೆ ಹೋಗಿ, ವ್ಯಾಸಕ್ಕೆ ಹೋಲಿಸಿದರೆ ಉದ್ದವೂ ಭಾರವೂ ಆದ ಗುಂಡನ್ನು ನೇರವಾಗಿ ಒಳಕ್ಕೆ ಇಳಿಸಿದ್ದು ಅವರ ಗುಟ್ಟು. ಸಣ್ಣ ಬೋರ್ ದೊಡ್ಡ ಪ್ರಾಣಿಯಲ್ಲಿ ಕೆಲಸ ಮಾಡಿದ್ದರೆ ಅದು ಆಳಕ್ಕೆ ಇಳಿಯುವ ಗುಂಡಿನಿಂದ, ಮೇಲ್ಮೈಯಲ್ಲಿ ಸಿಡಿಯುವ ಗುಂಡಿನಿಂದಲ್ಲ.

ಈ ಸಿಡಿಯುವ ವಿಚಾರವೇ .22-250ರ ಮುಖ್ಯ ತೊಡಕು. ಆ ಬೋರಿನಲ್ಲಿ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಗುಂಡುಗಳು ಅಮೆರಿಕದ ಹುಲ್ಲುಗಾವಲಿನ ಬಿಲವಾಸಿ ಅಳಿಲುಗಳಿಗೂ ನರಿ ಜಾತಿಯ ಪ್ರಾಣಿಗಳಿಗೂ ಎಂದು ಮಾಡಿದವು. ಅವುಗಳ ತಾಮ್ರದ ಹೊದಿಕೆ ತೀರ ತೆಳು. ತಗುಲಿದೊಡನೆ ಪುಡಿಯಾಗಿ ಮುಂದಕ್ಕೆ ಹಾರದಿರಲಿ ಎಂಬುದೇ ಅವುಗಳ ಉದ್ದೇಶ. ಅದೇ ಗುಂಡು ನೂರು ಕಿಲೋಗೂ ಮೀರಿ ತೂಗುವ ಗಂಡು ಕೆಂಪು ಜಿಂಕೆಯ ಭುಜದೆಲುಬಿಗೆ ಬಡಿದರೆ ಅಂಗೈಯಗಲದ ಮೇಲುಗಾಯ ಮಾಡಿ, ಶ್ವಾಸಕೋಶವನ್ನು ಮುಟ್ಟದೆ ಚೂರುಚೂರಾಗುತ್ತದೆ. ಪ್ರಾಣಿ ಓಡುತ್ತದೆ, ಹಲವು ದಿನ ನರಳಿ ಸಾಯುತ್ತದೆ. ಈ ಬೋರಿನಲ್ಲಿಯೂ ಗಟ್ಟಿಯಾದ ಗುಂಡುಗಳು ಈಗ ಬಂದಿವೆ ಎಂಬುದನ್ನು ಮರೆತಿಲ್ಲ. ಸೀಸದ ತಿರುಳನ್ನು ಹೊದಿಕೆಗೆ ಬೆಸೆದವು ಇವೆ, ಜಾನ್ ನೋಸ್ಲರ್ ಅವರು 1940ರ ದಶಕದಲ್ಲಿ ರೂಪಿಸಿದ ನಡುಗೋಡೆಯ ವಿನ್ಯಾಸದವು ಇವೆ, ಸೀಸವೇ ಇಲ್ಲದ ಅಖಂಡ ತಾಮ್ರದವು ಇವೆ. ಇವು ಸರಿಯಾಗಿ ತಗುಲಿದರೆ .22 ಬೋರೂ ಮಧ್ಯಮ ಗಾತ್ರದ ಜಿಂಕೆಯನ್ನು ಕೆಡವುತ್ತದೆ. ಆದರೆ ಆ ಗುಂಡುಗಳನ್ನು ಬಳಸಬೇಕೆಂದರೆ ಲೇಖಕರು ಒಂದಕ್ಷರವನ್ನೂ ಬರೆಯದ ವಿಷಯವೊಂದಕ್ಕೆ ಬರಬೇಕಾಗುತ್ತದೆ: ನಳಿಕೆಯೊಳಗಿನ ಸುರುಳಿ ಗೀರುಗಳ ತಿರುವು.

ನಳಿಕೆಯೊಳಗಿನ ಗೀರುಗಳು ಗುಂಡನ್ನು ಬುಗುರಿಯಂತೆ ತಿರುಗಿಸಿ ಅದರ ಮೂತಿ ಮುಂದಕ್ಕೇ ಇರುವಂತೆ ಮಾಡುತ್ತವೆ. ಗುಂಡು ಉದ್ದವಾದಷ್ಟೂ ಅದನ್ನು ಹೆಚ್ಚು ವೇಗವಾಗಿ ತಿರುಗಿಸಬೇಕು. ವೂಲಿಚ್‌ನ ಗಣಿತಜ್ಞ ಗ್ರೀನ್‌ಹಿಲ್ ಅವರು 1879ರಲ್ಲಿ ಕೊಟ್ಟ ಸರಳ ಸೂತ್ರ ಇಂದಿಗೂ ಒರಟು ಅಂದಾಜಿಗೆ ಸಾಕು: ಗುಂಡಿನ ವ್ಯಾಸದ ವರ್ಗವನ್ನು 150ರಿಂದ ಗುಣಿಸಿ, ಗುಂಡಿನ ಉದ್ದದಿಂದ ಭಾಗಿಸಿದರೆ ಎಷ್ಟು ಅಂಗುಲಕ್ಕೆ ಒಂದು ಸುತ್ತು ಬೇಕೆಂದು ಗೊತ್ತಾಗುತ್ತದೆ. .224 ಅಂಗುಲ ವ್ಯಾಸದ ಗುಂಡು ಮುಕ್ಕಾಲು ಅಂಗುಲ ಉದ್ದವಿದ್ದರೆ ಉತ್ತರ 10 ಅಂಗುಲ. ಪೂರ್ತಿ ಒಂದು ಅಂಗುಲ ಉದ್ದವಿದ್ದರೆ ಏಳೂವರೆ. .22-250 ರೈಫಲುಗಳ ವಾಡಿಕೆಯ ತಿರುವು 14 ಅಂಗುಲಕ್ಕೆ ಒಂದು ಸುತ್ತು. ಆ ನಳಿಕೆಯಲ್ಲಿ ಹಗುರ ಗುಂಡುಗಳಷ್ಟೇ ನೆಟ್ಟಗೆ ಹೋಗುತ್ತವೆ, ಜಿಂಕೆಗೆ ಬೇಕಾದ ಉದ್ದನೆಯ ಗುಂಡುಗಳು ತೂರಾಡಿ ಅಡ್ಡಲಾಗಿ ಬಡಿಯುತ್ತವೆ. ತಾಮ್ರ ಸೀಸಕ್ಕಿಂತ ಹಗುರ ಲೋಹವಾದ್ದರಿಂದ ಅದೇ ತೂಕದ ತಾಮ್ರದ ಗುಂಡು ಇನ್ನೂ ಉದ್ದ; ಅದಕ್ಕೆ ಇನ್ನೂ ಚುರುಕು ತಿರುವು ಬೇಕು. ಸೀಸದ ಗುಂಡಿನ ಚೂರುಗಳನ್ನು ತಿಂದು ಹದ್ದುಗಳು ಸಾಯುತ್ತಿವೆಯೆಂಬ ಕಾರಣಕ್ಕೆ ಕ್ಯಾಲಿಫೋರ್ನಿಯ ರಾಜ್ಯ 2019ರಿಂದ ಬೇಟೆಯಲ್ಲಿ ಸೀಸವನ್ನು ಪೂರ್ಣವಾಗಿ ನಿಷೇಧಿಸಿದೆ. ಈ ಕಟ್ಟಳೆ ಬೇರೆಡೆಗೂ ಹಬ್ಬುವ ಲಕ್ಷಣವಿರುವಾಗ, ಇವತ್ತು ಹೊಸ ನಳಿಕೆ ಹಾಕಿಸುವವರು ಹಳೆಯ ತಿರುವಿಗೆ ಕಟ್ಟುಬೀಳುವುದು ಜಾಣತನವಲ್ಲ.

ತಿರುವನ್ನು ಕಡೆಗಣಿಸಿದರೆ ಒಳ್ಳೆಯ ತೋಟಾವೂ ಮಾರುಕಟ್ಟೆಯಲ್ಲಿ ಸೋಲುತ್ತದೆ ಎನ್ನುವುದಕ್ಕೆ 1955ರ ಕಥೆಯೊಂದಿದೆ. ಆ ವರ್ಷ ವಿಂಚೆಸ್ಟರ್ ಕಂಪನಿ .243ನ್ನೂ ರೆಮಿಂಗ್ಟನ್ ಕಂಪನಿ .244ನ್ನೂ ಹೊರತಂದವು. ಎರಡೂ ಆರು ಮಿಲಿಮೀಟರಿನವು. ಮದ್ದು ಹಿಡಿಸುವುದರಲ್ಲಿ ರೆಮಿಂಗ್ಟನಿನದೇ ಒಂದು ಕೈ ಮೇಲು. ಆದರೆ ರೆಮಿಂಗ್ಟನಿನವರು ತಮ್ಮ ತೋಟಾ ಸಣ್ಣ ಪ್ರಾಣಿಗಳಿಗೆಂದು ಭಾವಿಸಿ 12 ಅಂಗುಲದ ತಿರುವು ಕೊಟ್ಟರು, ವಿಂಚೆಸ್ಟರಿನವರು 100 ಗ್ರೇನ್ ಗುಂಡಿಗೂ ಆಗಲೆಂದು 10 ಅಂಗುಲದ ತಿರುವು ಕೊಟ್ಟರು. ಒಂದೇ ರೈಫಲಿನಲ್ಲಿ ಎರಡೂ ಕೆಲಸ ಬಯಸಿದ ಜನ .243ರ ಹಿಂದೆ ಹೋದರು. ರೆಮಿಂಗ್ಟನ್ 1963ರಲ್ಲಿ ತಿರುವನ್ನು 9 ಅಂಗುಲಕ್ಕೆ ತಿದ್ದಿ, 6 ಎಂಎಂ ರೆಮಿಂಗ್ಟನ್ ಎಂದು ಹೊಸ ಹೆಸರಿಟ್ಟರೂ ಕೈತಪ್ಪಿದ ಗಿರಾಕಿ ಮರಳಲಿಲ್ಲ. ಇವತ್ತು .243 ತೋಟಾ ಬೇಟೆ ನಡೆಯುವ ಹೆಚ್ಚಿನ ದೇಶಗಳ ಅಂಗಡಿಗಳಲ್ಲಿ ಸಿಗುತ್ತದೆ, ಇನ್ನೊಂದನ್ನು ಹುಡುಕಿ ತರಿಸಬೇಕು.

ಇನ್ನು ಒದೆತದ ಮಾತು. ಹಗುರ ರೈಫಲಿಗೆ ಸಣ್ಣ ಬೋರ್ ಬೇಕೆಂಬ ಲೇಖಕರ ವಾದದಲ್ಲಿ ಹುರುಳಿರುವುದು ಇಲ್ಲಿಯೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಗುಂಡೂ ಉರಿದ ಮದ್ದಿನ ಅನಿಲವೂ ಮುಂದಕ್ಕೆ ಒಯ್ಯುವ ಆವೇಗದಷ್ಟೇ ಆವೇಗ ರೈಫಲಿಗೆ ಹಿಂದಕ್ಕೆ ಬರುತ್ತದೆ. ರೈಫಲಿನ ತೂಕ ಅರ್ಧವಾದರೆ ಒದೆತದ ಶಕ್ತಿ ಇಮ್ಮಡಿಯಾಗುತ್ತದೆ. ಗುರಿ ನೋಡುವ ದೂರದರ್ಶಕವೂ ಸೇರಿ 2.7 ಕಿಲೋ ತೂಗುವ ರೈಫಲನ್ನು ಲೆಕ್ಕಕ್ಕೆ ಹಿಡಿದರೆ .223ರ ಒದೆತ 6 ಜೂಲಿನ ಆಸುಪಾಸು, .243ರದ್ದು 16, ಅದಕ್ಕಿಂತ ದೊಡ್ಡ ಬೋರಿನ ತೋಟಾಗಳಲ್ಲಿ 6.5 ಕ್ರೀಡ್‌ಮೂರಿನದು 22, .308 ವಿಂಚೆಸ್ಟರಿನದು 28 ಎಂದು ನನ್ನ ಅಂದಾಜು. ಸೇನೆಯ ಹಳೆಯ .303 ರೈಫಲ್ ನಾಲ್ಕು ಕಿಲೋ ತೂಗುತ್ತಿತ್ತು ಎಂಬುದನ್ನು ನೆನೆದರೆ, ಅದೇ ದರ್ಜೆಯ ತೋಟಾವನ್ನು ಅದರ ಮೂರನೆಯ ಎರಡು ಪಾಲು ತೂಕದ ರೈಫಲಿನಲ್ಲಿ ಹಾರಿಸುವವರ ಹೆಗಲು ಏನಾಗುತ್ತದೆಂದು ಊಹಿಸಬಹುದು. ಹೆಗಲು ನೊಂದರೆ ಸಹಿಸಬಹುದು. ಅದಕ್ಕಿಂತ ಕೆಟ್ಟದ್ದೆಂದರೆ ಒದೆತಕ್ಕೆ ಹೆದರಿದ ಕೈ ಟ್ರಿಗರ್ ಎಳೆಯುವ ಮೊದಲೇ ಬೆಚ್ಚುವುದು. ಈ ಬೆಚ್ಚುವಿಕೆ ಒಮ್ಮೆ ಮೈಗೂಡಿದರೆ ಬಿಡಿಸುವುದು ಎಷ್ಟು ಕಷ್ಟವೆಂದು ಸೈನ್ಯದಲ್ಲಿ ಹೊಸಬರಿಗೆ ಗುರಿ ಕಲಿಸಿದ ಯಾವ ಉಸ್ತಾದರನ್ನು ಕೇಳಿದರೂ ಹೇಳುತ್ತಾರೆ. ಆದ್ದರಿಂದ .308ನ್ನು ಬಿಟ್ಟು ಕೆಳಗೆ ಇಳಿಯುವುದು ಸರಿ. ಪ್ರಶ್ನೆಯಿರುವುದು ಎಲ್ಲಿ ನಿಲ್ಲಬೇಕು ಎಂಬುದರಲ್ಲಿ.

ತೂಕವನ್ನು ಎಲ್ಲಿಂದ ತೆಗೆಯಬೇಕು ಎಂಬುದಕ್ಕೂ ತೋಟಾಕ್ಕೂ ನಂಟಿದೆ. ಅಮೆರಿಕದ ವೆಸ್ಟ್ ವರ್ಜೀನಿಯದಲ್ಲಿ ಮೆಲ್ವಿನ್ ಫೋರ್ಬ್ಸ್ ಅವರು 1980ರ ದಶಕದಲ್ಲಿ ಹಗುರ ರೈಫಲುಗಳನ್ನು ಕಟ್ಟಿ ಹೆಸರಾದದ್ದು ಯಂತ್ರಭಾಗವನ್ನು ತೋಟಾದ ಉದ್ದಕ್ಕೆ ತಕ್ಕಷ್ಟೇ ಮಾಡಿ, ಹಿಡಿಯನ್ನು ಕೆವ್ಲಾರ್ ಮತ್ತು ಗ್ರ್ಯಾಫೈಟ್ ನಾರುಗಳಿಂದ ರೂಪಿಸಿ. ನಳಿಕೆಯನ್ನು ಅತಿಯಾಗಿ ಮೊಟಕುಗೊಳಿಸಿ ಅಲ್ಲ. .243 ಮತ್ತು ಅದರ ಬಳಗದ ತೋಟಾಗಳ ಒಟ್ಟು ಉದ್ದ 70 ಮಿಲಿಮೀಟರಿನ ಆಸುಪಾಸು, .223ರದ್ದು 57, ಎರಡಕ್ಕೂ ಗಿಡ್ಡ ಯಂತ್ರಭಾಗ ಸಾಕಾಗುವುದರಿಂದ.223 ಆರಿಸಿದ ಮಾತ್ರಕ್ಕೆ ಉಳಿಯುವ ತೂಕ ಬಹಳವೇನಲ್ಲ. ಒಂದು ಕಡೆ ನಳಿಕೆಯನ್ನು ಪೆನ್ಸಿಲಿನಷ್ಟು ತೆಳ್ಳಗೆ ಕಡೆಸಿ, ಇನ್ನೊಂದು ಕಡೆ ಮುಕ್ಕಾಲು ಕಿಲೋದ ದೂರದರ್ಶಕ ಏರಿಸುವವರನ್ನು ಕಂಡರೆ ನಗು ಬರುತ್ತದೆ. ತೆಳು ನಳಿಕೆ ಮೂರು ನಾಲ್ಕು ಗುಂಡಿಗೇ ಬಿಸಿಯಾಗಿ ಗುರಿಯನ್ನು ಸರಿಸುತ್ತದೆ, ಅದರಲ್ಲೂ ಇಕ್ಕಟ್ಟಾದ ಬೋರಿನಲ್ಲಿ ಹೆಚ್ಚು ಮದ್ದು ಉರಿಸುವ .22-250ಯಂಥ ತೋಟಾದಲ್ಲಿ ಬೇಗನೆ. ನಳಿಕೆಯನ್ನು 20 ಅಂಗುಲಕ್ಕಿಂತ ಕೆಳಗೆ ಇಳಿಸಿದರೆ ಯಾವ ವೇಗಕ್ಕಾಗಿ ಆ ತೋಟಾವನ್ನು ಆರಿಸಿದ್ದರೋ ಆ ವೇಗವೇ ಸೋರಿಹೋಗಿ, ಕಿವಿ ಹರಿಯುವ ಸದ್ದು ಮಾತ್ರ ಉಳಿಯುತ್ತದೆ. ಟ್ರಿಗರನ್ನೂ ಮರೆಯಬಾರದು, ರೈಫಲ್ ಹಗುರವಾದಷ್ಟೂ ಗಡಸು ಟ್ರಿಗರಿನ ಎಳೆತಕ್ಕೆ ಇಡೀ ರೈಫಲೇ ಅಲುಗುತ್ತದೆ.

ಹಾಗಾದರೆ ನನ್ನ ಆಯ್ಕೆ ಯಾವುದು ಎಂದು ಲೇಖಕರು ಕೇಳಬಹುದು. ಶಾಮ್ವಾ, ಥಾರ್, ಹೆಣ್ಣು ಜಿಂಕೆ ಇವು ಮುಖ್ಯ ಗುರಿಯಾಗಿದ್ದು, 250 ಮೀಟರಿನೊಳಗೆ ಹೊಡೆಯುವ ಸಂಯಮವಿದ್ದರೆ, ಎಂಟು ಅಂಗುಲದ ತಿರುವಿನ, 20ರಿಂದ 22 ಅಂಗುಲ ಉದ್ದದ ನಳಿಕೆಯಿರುವ .243. ಅದರಲ್ಲಿ 80ರಿಂದ 85 ಗ್ರೇನಿನ ಅಖಂಡ ತಾಮ್ರದ ಗುಂಡು, ಇಲ್ಲವೇ 95ರಿಂದ 100 ಗ್ರೇನಿನ ಬೆಸೆದ ತಿರುಳಿನ ಗುಂಡು. ಸ್ಕಾಟ್‌ಲ್ಯಾಂಡಿನವರು ದೊಡ್ಡ ಜಿಂಕೆಗೆ ಕನಿಷ್ಠ 100 ಗ್ರೇನ್ ಎಂದಿದ್ದ ತಮ್ಮ ಹಳೆಯ ನಿಯಮವನ್ನು 2023ರಲ್ಲಿ 80 ಗ್ರೇನಿಗೆ ಇಳಿಸಿದ್ದು ಈ ಸೀಸರಹಿತ ಗುಂಡುಗಳಿಗೆ ದಾರಿ ಮಾಡಲೆಂದೇ. ಗಂಡು ಕೆಂಪು ಜಿಂಕೆಯೇ ಗುರಿಯಾದರೆ 6.5 ಕ್ರೀಡ್‌ಮೂರ್ ಅಥವಾ 7 ಎಂಎಂ-08ಕ್ಕೆ ಏರಿ, ರೈಫಲಿಗೆ ಕಾಲು ಕಿಲೋ ತೂಕವನ್ನು ಬೇಸರಿಸದೆ ಮರಳಿ ಕೊಡಬೇಕು. ನ್ಯೂಜಿಲೆಂಡಿನಲ್ಲಿ ಸದ್ದಡಗಿಸುವ ಸಾಧನಕ್ಕೆ ಕಾನೂನಿನ ಅಡ್ಡಿಯಿಲ್ಲ. ಅದು ನಳಿಕೆಯ ತುದಿಗೆ ಸೇರಿಸುವ ತೂಕ ಒದೆತವನ್ನೂ ತಗ್ಗಿಸುತ್ತದೆ, ಗುರಿಯನ್ನೂ ಸ್ಥಿರಗೊಳಿಸುತ್ತದೆ. .223 ಕೂಡ ಬೇಡವೆನ್ನುವುದಿಲ್ಲ. ಮೊಲ, ಕಾಡಾಡು, ಹತ್ತಿರದ ಸಣ್ಣ ಜಿಂಕೆ ಇವಕ್ಕೆ ಚುರುಕು ತಿರುವಿನ .223 ಹಿತವಾದದ್ದು, ಅಗ್ಗವಾದದ್ದು. .22-250 ಮಾತ್ರ ಹಗುರ ರೈಫಲಿಗೆ ನನ್ನ ದೃಷ್ಟಿಯಲ್ಲಿ ಯಾವ ಲೆಕ್ಕಕ್ಕೂ ಕೂಡುವುದಿಲ್ಲ: .223ರ ಮಿತವ್ಯಯವೂ ಇಲ್ಲ, .243ರ ಆಳವೂ ಇಲ್ಲ.

ಕೊನೆಯದಾಗಿ, ಈ ಲೇಖನವನ್ನು ಓದಿದ ನಮ್ಮ ಭಾಗದ ಕೆಲವು ರೈತರು ಬೆಳೆ ರಕ್ಷಣೆಯ ಲೈಸೆನ್ಸಿನ ಬಂದೂಕನ್ನು ಹೀಗೆಯೇ ಹಗುರ ಮಾಡಿಸಬಹುದೇ ಎಂದು ನನ್ನನ್ನು ವಿಚಾರಿಸಿದ್ದರಿಂದ ಎರಡು ಮಾತು ಸೇರಿಸಬೇಕಾಗಿದೆ. ಖಾನಾಪುರದ ಅಂಚಿನ ಹಳ್ಳಿಗಳಲ್ಲೂ ನದಿದಂಡೆಯ ಕಬ್ಬಿನ ಗದ್ದೆಗಳಲ್ಲೂ ಕಾಡುಹಂದಿಯ ಉಪಟಳ ಏನೆಂದು ನನಗೆ ಗೊತ್ತು. ಆದರೆ ಬಂದೂಕಿನ ಲೈಸೆನ್ಸ್ ಬೇರೆ, ಹಂದಿಯನ್ನು ಹೊಡೆಯುವ ಅನುಮತಿ ಬೇರೆ. ಎರಡನೆಯದನ್ನು ಅರಣ್ಯ ಇಲಾಖೆಯಿಂದಲೇ ಪಡೆಯಬೇಕು. 1959ರ ಆಯುಧ ಕಾಯ್ದೆಯಂತೆ ಲೈಸೆನ್ಸ್ ಇಲ್ಲದ ಕುಲುಮೆಯಲ್ಲಿ ಬಂದೂಕು ತಯಾರಿಸುವುದಾಗಲಿ, ಮಾರ್ಪಡಿಸುವುದಾಗಲಿ, ನಳಿಕೆ ಕತ್ತರಿಸಿ ಗಿಡ್ಡ ಮಾಡುವುದಾಗಲಿ ಅಪರಾಧ. ಹತಾರದ ಕಾಯ್ದೆ ನಮ್ಮ ಸೀಮೆಗೆ ಹೊಸತಲ್ಲ, ಮುಧೋಳದ ಹಲಗಲಿಯ ಬೇಡರು 1857ರಲ್ಲಿ ಸಿಡಿದೆದ್ದದ್ದೇ ಬ್ರಿಟಿಷರ ಹತಾರ ಕಸಿಯುವ ಆಜ್ಞೆಯ ವಿರುದ್ಧ. ಆದರೆ ಇಂದಿನ ಕಾಯ್ದೆ ನಮ್ಮದೇ ಸಂಸತ್ತು ಮಾಡಿದ್ದು, ಅದಕ್ಕೆ ಅಂಥ ಜವಾಬು ಸಲ್ಲದು. ಸರ್ಕಾರಿ ಕಾರ್ಖಾನೆಯ .315 ರೈಫಲ್ ಇರುವವರು ಅದು ಭಾರವೆಂದು ಗೊಣಗಬೇಕಿಲ್ಲ. ಸುಮಾರು 244 ಗ್ರೇನ್ ತೂಕದ ನಿಧಾನಗತಿಯ ಅದರ ಗುಂಡಿಗೆ ಆ ತೂಕ ಬೇಕೇ ಬೇಕು, ಹಂದಿಯ ಗಟ್ಟಿ ಭುಜಕ್ಕೆ ಆ ಗುಂಡು ಯಾವ .22 ಬೋರಿಗಿಂತಲೂ ಯೋಗ್ಯ. ತೋಟಾಗಳನ್ನು ಮಾತ್ರ ವಿಜಯಪುರದ ಬೇಸಿಗೆಯಂಥ ಬಿಸಿಲಿನಲ್ಲಿ ವಾಹನದೊಳಗೆ ಬಿಡಬಾರದು. ಬಿಸಿಯಾದ ಮದ್ದು ಬೇಗ ಉರಿದು ಒತ್ತಡ ಏರಿಸುತ್ತದೆ.

ಲೇಖಕರು ತಮ್ಮ ಬರಹದ ಎರಡನೆಯ ಕಂತನ್ನು ಸಿದ್ಧಪಡಿಸುತ್ತಿರುವುದಾಗಿ ಪುರವಣಿಯಲ್ಲಿ ತಿಳಿಸಲಾಗಿದೆ. ಅದರಲ್ಲಿ ಅವರು ತಾವು ಕಟ್ಟಿಸಿದ ರೈಫಲಿನ ನಳಿಕೆಯ ತಿರುವು ಎಷ್ಟು, ಅದರಲ್ಲಿ ಎಷ್ಟು ಗ್ರೇನಿನ ಯಾವ ಬಗೆಯ ಗುಂಡು ಬಳಸುತ್ತಾರೆ, ದೂರದರ್ಶಕ ಮತ್ತು ತುಂಬಿದ ತೋಟಾಗಳೂ ಸೇರಿ ಒಟ್ಟು ತೂಕವೆಷ್ಟು ಎಂಬ ಮೂರು ಸಂಗತಿಗಳನ್ನು ತಿಳಿಸುವಂತೆ ತಮ್ಮ ಮೂಲಕ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಆಯುಧ ದುರಸ್ತಿಗಾರ
ಬೈಲಹೊಂಗಲ, ಬೆಳಗಾವಿ ಜಿಲ್ಲೆ